ದುರ್ಬೀನಕ್ಕನ ಮೂವತ್ತೊಂದು ಜೋಡಿ

ಆಗಷ್ಟೇ ಬೆಳಕು ಹರಿದಿದೆ. ಮೀನುದೋಣಿಗಳು ಒಂದರ ಹಿಂದೆ ಒಂದು ಬಂದರಿನ ದಕ್ಕೆಗೆ ತಾಗುತ್ತಿವೆ. ಬುಟ್ಟಿ ಹಿಡಿದವರು, ಮಂಜುಗಡ್ಡೆ ಒಡೆಯುವವರು, ದರ ಕೂಗುವವರು, ಎಲ್ಲರ ಕಣ್ಣೂ ದೋಣಿಯೊಳಗಿನ ಮೀನಿನ ಮೇಲೆ. ಒಬ್ಬಾಕೆ ಮಾತ್ರ ಮೀನಿನ ಕಡೆ ನೋಡುವುದೇ ಇಲ್ಲ. ವಯಸ್ಸು ಅರವತ್ತೊಂದು, ಸಣಕಲು ಮೈ, ಕಂಕುಳಲ್ಲಿ ಒಂದು ಬಿಳಿ ರಟ್ಟು, ಎಡಗಣ್ಣಿಗೆ ಕಟ್ಟಿದ ಕಪ್ಪು ಬಟ್ಟೆ. ದೋಣಿಯಿಂದ ದೋಣಿಗೆ ಹೋಗಿ ಚುಕ್ಕಾಣಿ ಹಿಡಿದವನನ್ನು ಒಂದೇ ಮಾತು ಕೇಳುತ್ತಾರೆ.

“ನಿಮ್ಮ ದುರ್ಬೀನು ಒಂದ್ಸಲ ಕೊಡ್ತೀರಾ?”

ಕೆಲವರು ಕೇಳುವ ಮೊದಲೇ ಕೊರಳಿನಿಂದ ಬಿಚ್ಚಿ ಕೊಡುತ್ತಾರೆ. ಅಕ್ಕ ಅದನ್ನು ಮಗುಚಿ, ಎರಡು ಕೊಳವೆ ಕೂಡುವ ಕೀಲಿನ ಬಳಿ ಹೆಬ್ಬೆರಳು ಆಡಿಸುತ್ತಾರೆ. ಅಲ್ಲಿ ಸೂಜಿಯಲ್ಲಿ ಗೀರಿದ ಅಂಕಿಯೊಂದಿದೆಯೇ ಎಂದು ನೋಡುತ್ತಾರೆ. ಅವರು ಹುಡುಕುತ್ತಿರುವ ಅಂಕಿ ಐನೂರ ಹದಿನೆಂಟು. ಇದಲ್ಲ. ಇದೂ ಅಲ್ಲ.

“ಅಕ್ಕ, ಕಳೆದುಹೋದ ಗಂಡನನ್ನೂ ಯಾರೂ ಇಷ್ಟು ಹುಡುಕಲ್ಲ,” ಎನ್ನುತ್ತಾನೆ ಬಲೆ ಮಡಚುತ್ತಿದ್ದ ಒಬ್ಬ.

“ಗಂಡ ಕಳೆದ್ರೆ ಹಸಿವಾದಾಗ ತಾನೇ ಬರ್ತಾನೆ ಕಣಪ್ಪ. ದುರ್ಬೀನು ಬರಲ್ಲ.”

ಸುತ್ತಲಿನವರು ನಗುತ್ತಾರೆ. ಅಕ್ಕನ ಮುಖದಲ್ಲಿ ನಗು ನಿಲ್ಲುವುದಿಲ್ಲ. ಆ ದಿನ ಅವರು ಇಪ್ಪತ್ತೆರಡು ದೋಣಿ ನೋಡಿದರು. ಏಳೂವರೆಗೆ ರಟ್ಟು ಮಡಚಿಕೊಂಡು ಹೊರಡುವಾಗ, ಕೊನೆಗೆ ಬಂದ ದೋಣಿಯನ್ನು ಬಿಟ್ಟೆನೇನೋ ಎಂದು ಎರಡು ಸಲ ಹಿಂತಿರುಗಿ ಹೋಗಿ ನೋಡಿಬಂದರು.

ಬಂದರಿನಲ್ಲಿ ಎಲ್ಲರೂ ಅವರನ್ನು ಕರೆಯುವುದು ದುರ್ಬೀನಕ್ಕ ಎಂದೇ. ಹಗ್ಗ ಮಾರುವ ಅಂಗಡಿಯ ಮೇಲಿನ ಒಂದು ಕೋಣೆಯಲ್ಲಿ ಮೂವತ್ತನಾಲ್ಕು ವರ್ಷದಿಂದ ದುರ್ಬೀನು ರಿಪೇರಿ ಮಾಡುತ್ತಿದ್ದಾರೆ. ಕೆಲಸ ಕಲಿಸಿದವರು ಮಾವ. ಮಗ, ಅಂದರೆ ಅಕ್ಕನ ಗಂಡ, ಒಂದು ಸ್ಕ್ರೂ ಬಿಗಿ ಮಾಡಿದರೆ ಎರಡು ಕಳೆಯುವವನು ಎಂದು ಗೊತ್ತಾದ ಮೇಲೆ ಮಾವ ಸೊಸೆಯನ್ನು ಪಕ್ಕಕ್ಕೆ ಕೂರಿಸಿಕೊಂಡರು. ಗಂಡ ಕಡವು ದೋಣಿಯಲ್ಲಿ ಟಿಕೆಟ್ ಹರಿಯುವ ಕೆಲಸ ಹಿಡಿದರು. “ನನ್ನಪ್ಪ ನನಗೆ ಆಸ್ತಿ ಬಿಡಲಿಲ್ಲ, ಇವಳಿಗೆ ಸ್ಕ್ರೂಡ್ರೈವರ್ ಬಿಟ್ಟುಹೋದ,” ಎಂದು ಈಗಲೂ ಚಹಾ ಲೋಟ ತಂದಿಡುತ್ತಾ ಹೇಳುತ್ತಾರೆ.

ಕೋಣೆಗೆ ಒಂದೇ ಕಿಟಕಿ. ಬೀದಿಯಾಚೆ ಐಸ್ ಕಾರ್ಖಾನೆಯ ಸುಣ್ಣ ಬಳಿದ ಎತ್ತರದ ಗೋಡೆ. ಮೇಜಿನ ಮೇಲೆ ಹಾಸಿದ ಉಣ್ಣೆ ಬಟ್ಟೆ, ಧೂಳು ಊದುವ ರಬ್ಬರ್ ಬುರುಡೆ, ಡಬ್ಬಿಗಳ ಸಾಲು. ಮಸೂರಕ್ಕೆ ಹಿಡಿದ ಬೂಷ್ಟು ಒರೆಸುವುದಾದರೆ ದಿನಕ್ಕೆ ನಾಲ್ಕು ಜೋಡಿ ಆಗುತ್ತವೆ. ಕೆಳಗೆ ಬಿದ್ದು ಎರಡೆರಡಾಗಿ ತೋರಿಸುವುದನ್ನು ಸರಿಪಡಿಸಲು ಒಂದಕ್ಕೇ ಒಂದು ದಿನ ಬೇಕು. ಒಳಗಿನ ಗಾಜನ್ನೇ ಬದಲಿಸುವ ಕೆಲಸ ಬರುವುದು ಅಪರೂಪ. ಹೊಸ ಗಾಜು ಸಿಗುವುದಿಲ್ಲ. ಸತ್ತ ದುರ್ಬೀನುಗಳಿಂದ ಬಿಚ್ಚಿಟ್ಟ ಗಾಜನ್ನು ಹೊಂದಿಸಬೇಕು. ಹಾಗೆ ಬದಲಿಸಿದ ಪ್ರತಿಯೊಂದಕ್ಕೂ ಕೀಲಿನ ಬಳಿ ಒಂದು ಅಂಕಿ, ಪುಸ್ತಕದಲ್ಲಿ ಒಂದು ಸಾಲು.

ಅವರ ಬಗ್ಗೆ ಬರೆಯಲೆಂದು ಹೋದ ನನ್ನ ಕೈಗೆ ಅಕ್ಕ ಮೂರು ದುರ್ಬೀನು ಕೊಟ್ಟು ಗೋಡೆ ನೋಡಲು ಹೇಳುತ್ತಾರೆ. ಮೊದಲನೆಯದರಲ್ಲಿ ಗೋಡೆ ಹಾಲಿನಂತಿದೆ. ಎರಡನೆಯದರಲ್ಲಿ ಹಳೆಯ ಪತ್ರಿಕೆಯ ಹಾಳೆಯಂತೆ. ಮೂರನೆಯದರಲ್ಲಿ ಹೆಚ್ಚಿದ ಸೌತೆಕಾಯಿಯ ಒಳಮೈ, ಇದೆಯೋ ಇಲ್ಲವೋ ಎಂಬಷ್ಟು ಹಸಿರು. ಮೂರನ್ನೂ ಬೆನ್ನು ಬೆನ್ನಿಗೆ ನೋಡದಿದ್ದರೆ ನನಗೆ ಖಂಡಿತ ಗೊತ್ತಾಗುತ್ತಿರಲಿಲ್ಲ.

“ಗಾಜಿಗೆ ಒಂದು ಹುಟ್ಟುಗುಣ ಇರುತ್ತೆ,” ಎನ್ನುತ್ತಾರೆ ಅಕ್ಕ. “ಅದರ ಮೇಲೆ ಬಳಿದ ತೆಳು ಲೇಪಕ್ಕೆ ಒಂದು ಗುಣ. ಎರಡು ಮಸೂರ ಅಂಟಿಸಿದ ಅಂಟು ಹಳೇದಾದ್ರೆ ಅದರದ್ದೂ ಒಂದು. ಎಲ್ಲ ಸೇರಿ ಒಂದು ಬಣ್ಣಕ್ಕೆ ವಾಲುತ್ತೆ. ಎಲ್ಲ ದುರ್ಬೀನೂ ಸುಳ್ಳು ಹೇಳೋದೇ. ಯಾವ ಕಡೆಗೆ ಹೇಳುತ್ತೆ ಅಂತ ಗೊತ್ತಿರಬೇಕು.”

ಬಳಸುವವರಿಗೆ ಗೊತ್ತಾಗುವುದಿಲ್ಲವೇ ಎಂದು ಕೇಳುತ್ತೇನೆ.

“ಹತ್ತು ನಿಮಿಷ ನೋಡಿದ್ರೆ ಕಣ್ಣು ಒಪ್ಪಿಕೊಂಡುಬಿಡುತ್ತೆ. ಕಣ್ಣಿನಷ್ಟು ಹೊಂದಿಕೊಂಡು ಹೋಗೋ ಸೊಸೆ ಯಾವ ಮನೆಯಲ್ಲೂ ಸಿಗಲ್ಲ.”

ಅವರ ಕಥೆಯಿರುವುದೇ ಆ ಮಾತಿನಲ್ಲಿ.

ಬಂದರಿನ ತುದಿಯಲ್ಲಿ ಒಂದು ಕಾವಲು ಗೋಪುರವಿದೆ. ಬೆಳಗಿನಿಂದ ಸಂಜೆಯವರೆಗೆ ಅಲ್ಲಿ ಕೂತು, ಹೊರಗೆ ಹೋದ ದೋಣಿಗಳ ಮೇಲೆ ಕಣ್ಣಿಡುವವನು ನಲವತ್ತು ದಾಟಿದ ಒಬ್ಬ ಮಿತಭಾಷಿ. ಅಕ್ಕನಿಗೆ ಅವನು ತಮ್ಮನಿದ್ದಂತೆ. ಹನ್ನೊಂದು ತಿಂಗಳ ಹಿಂದೆ ಅವನ ದುರ್ಬೀನಿನ ಒಳಗಾಜಿಗೆ ಬೂಷ್ಟು ಹಿಡಿದು, ಅಕ್ಕ ಡಬ್ಬಿಯಲ್ಲಿದ್ದ ಹಳೆಯ ಗಾಜು ಹಾಕಿ ಕೊಟ್ಟಿದ್ದರು. ಒಂದು ವಾರಕ್ಕೆ ಅವನು ಮೆಟ್ಟಿಲು ಹತ್ತಿ ಬಂದ.

“ಅಕ್ಕ, ಯಾಕೋ ಇದರಲ್ಲಿ ನೀಲಿ ಸತ್ತಹಾಗೆ ಕಾಣುತ್ತೆ.”

ಅಕ್ಕ ದುರ್ಬೀನನ್ನು ತಿರುಗಿಸಿ ಹಿಡಿದು, ದೊಡ್ಡ ಕಣ್ಣಿನ ಕಡೆಯಿಂದ ಬಿಳಿ ರಟ್ಟನ್ನು ನೋಡಿದರು. ಹಾಗೆ ಹಿಡಿದರೆ ಒಳಗೆ ಒಂದು ಪುಟ್ಟ ಬೆಳಕಿನ ವೃತ್ತ ಕಾಣುತ್ತದೆ. ಆ ವೃತ್ತದ ಬಿಳಿಯೂ ಸುತ್ತಲಿನ ರಟ್ಟಿನ ಬಿಳಿಯೂ ಒಂದೇ ಇದ್ದರೆ ಗಾಜು ಸರಿ. ಅವರಿಗೆ ಒಂದೇ ಕಂಡಿತು. ಕೈಯಲ್ಲಿ ಬೇರೆ ಕೆಲಸವಿತ್ತು.

“ಗಾಜು ಸರಿ ಇದೆ. ನಿನ್ನ ಕಣ್ಣೇ ಒಂದ್ಸಲ ತೋರಿಸ್ಕೋ ಹೋಗು,” ಅಂದರು. ಅವನು ತಲೆಯಾಡಿಸಿ ಹೋದ. ಮೂವತ್ತನಾಲ್ಕು ವರ್ಷದ ಕೈಗುಣದ ಮುಂದೆ ಅವನು ತನ್ನ ಕಣ್ಣನ್ನು ನಂಬಲಿಲ್ಲ.

ಇಪ್ಪತ್ತು ದಿನದ ನಂತರ ಒಂದು ದೋಣಿ ಮಗುಚಿತು. ಅದರಲ್ಲಿದ್ದವರು ಮೂವರು. ಇಬ್ಬರು ಅಣ್ಣತಮ್ಮಂದಿರು, ಜೊತೆಗೆ ಅವರ ಸೋದರಮಾವ. ದೋಣಿಯ ತಳಕ್ಕೆ ನೀಲಿ ಬಣ್ಣ. ಮಗುಚಿದ ದೋಣಿಯಲ್ಲಿ ಮೇಲೆ ಕಾಣುವುದು ತಳವೇ. ಗೋಪುರದಿಂದ ನೇರಕ್ಕೆ ಕಾಣುವ ಜಾಗ, ಬಿಸಿಲೂ ಇತ್ತು. ಆದರೂ ನಲವತ್ತು ನಿಮಿಷ ಯಾರಿಗೂ ಕಾಣಲಿಲ್ಲ. ಕೊನೆಗೆ ಆ ದಾರಿಯಲ್ಲಿ ಬಂದ ಇನ್ನೊಂದು ದೋಣಿಯವರು ಮೂವರನ್ನೂ ಮೇಲೆಳೆದುಕೊಂಡರು. ಅಣ್ಣತಮ್ಮಂದಿರು ಮರುದಿನ ಮನೆಗೆ ನಡೆದುಕೊಂಡೇ ಹೋದರು. ಸೋದರಮಾವ ಒಂಬತ್ತು ದಿನ ಆಸ್ಪತ್ರೆಯಲ್ಲಿದ್ದರು. ಮೊದಲ ಮೂರು ದಿನ ಉಳಿಯುವ ಭರವಸೆ ಯಾರಿಗೂ ಇರಲಿಲ್ಲ.

ವಿಚಾರಣೆ ನಡೆಯಿತು. ಕಾವಲಿನವನು ನಿದ್ದೆ ಹೋಗಿದ್ದ ಎಂದು ಬರೆದುಕೊಂಡರು. ಅವನನ್ನು ಗೋಪುರದಿಂದ ಇಳಿಸಿ ಗೇಟಿಗೆ ಹಾಕಿದರು. ಕೆಲಸದಿಂದಲೇ ತೆಗೆಯುವ ಮಾತೂ ನಡೆದಿತ್ತು.

“ನಿದ್ದೆ ಮಾಡಿರಲಿಲ್ಲ,” ಎನ್ನುತ್ತಾನೆ ಅವನು ಈಗ. “ನೋಡ್ತಾನೇ ಇದ್ದೆ. ಆ ಕಡೆಗೇ ನೋಡ್ತಿದ್ದೆ. ಕಾಣಲಿಲ್ಲ.”

ಗೇಟಿನ ಕೆಲಸಕ್ಕೆ ಸೇರಿದ ವಾರ ಅವನು ಅಕ್ಕನ ಬಳಿ ಬಂದ. ಜಗಳಕ್ಕಲ್ಲ. ಕೈಯಲ್ಲಿ ಕಣ್ಣಿನ ಡಾಕ್ಟರ ಚೀಟಿ ಇತ್ತು. “ಅಕ್ಕ, ನೀವು ಹೇಳಿದ ಹಾಗೆ ಕಣ್ಣು ತೋರಿಸಿದೆ. ಏನೂ ತೊಂದರೆ ಇಲ್ವಂತೆ. ನಿಮ್ಮ ಗಾಜೂ ಸರಿ ಇದೆ. ಹಾಗಾದ್ರೆ ಅವರು ಅನ್ನೋದೇ ನಿಜ ಇರ್ಬೇಕು. ನನಗೇ ಗೊತ್ತಿಲ್ಲದೆ ಕಣ್ಣು ಮುಚ್ಚಿದ್ದೆನೇನೋ.”

ಅವನು ಹೋದ ಮೇಲೆ ಅಕ್ಕನಿಗೆ ಕೂತಲ್ಲಿ ಕೂರಲಾಗಲಿಲ್ಲ. ಗೋಪುರದಿಂದ ಅದೇ ದುರ್ಬೀನನ್ನು ತರಿಸಿದರು. ಅವರ ಕೋಣೆಯ ಎದುರು ಬಾಗಿಲಿನಲ್ಲಿ ಬಟ್ಟೆ ಹೊಲಿಯುವಾಕೆಯೊಬ್ಬರಿದ್ದಾರೆ. ದಾರದ ಬಣ್ಣ ಹೊಂದಿಸುವುದರಲ್ಲಿ ಆಕೆಯನ್ನು ಮೀರಿಸುವವರಿಲ್ಲ. ಆಕೆಯಿಂದ ಆರು ದಾರದುಂಡೆ ಇಸಿದುಕೊಂಡು, ಐಸ್ ಕಾರ್ಖಾನೆಯ ಗೋಡೆಯ ಬುಡದಲ್ಲಿ ಸಾಲಾಗಿ ಇಟ್ಟುಬಂದು, ಆಕೆಯ ಕೈಗೆ ದುರ್ಬೀನು ಕೊಟ್ಟು ಕಿಟಕಿಯಲ್ಲಿ ನಿಲ್ಲಿಸಿದರು.

“ನೀಲಿ ಎಷ್ಟಿದೆ ಹೇಳು.”

“ಒಂದು. ಇಲ್ಲ, ಅದೂ ಹಸಿರೇ. ನಾನು ಕೊಟ್ಟಿದ್ದು ಮೂರು ನೀಲಿ ಅಲ್ವಾ ಅಕ್ಕ?” ಆಕೆ ದುರ್ಬೀನು ಇಳಿಸಿ ಬರಿಗಣ್ಣಲ್ಲಿ ನೋಡಿದರು. “ಹೌದು, ಮೂರಿದೆ. ಇದರೊಳಗೆ ಮಾತ್ರ ಇಲ್ಲ.”

ಅಕ್ಕ ದುರ್ಬೀನು ಇಸಿದುಕೊಂಡು ನೋಡಿದರು. ಮೊದಲು ಅದರಲ್ಲಿ, ಆಮೇಲೆ ಬರಿಗಣ್ಣಲ್ಲಿ. ಎರಡರಲ್ಲೂ ವ್ಯತ್ಯಾಸವಿರಲಿಲ್ಲ. ಗಾಜಿಲ್ಲದೆಯೂ ಅವರಿಗೆ ಮೂರು ನೀಲಿ ಬೇರೆಯಾಗಿ ಕಾಣಲಿಲ್ಲ.

“ಕಾಲ ಕೆಳಗೆ ಮೆಟ್ಟಿಲು ಇಲ್ಲದ ಹಾಗಾಯ್ತು,” ಎನ್ನುತ್ತಾರೆ. “ಅವನ ಕಣ್ಣು ಸರಿ. ಗಾಜು ಕೆಟ್ಟಿದೆ. ಕೆಟ್ಟ ಗಾಜನ್ನ ಸರಿ ಅಂದ ಕಣ್ಣು ಯಾವುದು?”

ಕಣ್ಣಿನ ಡಾಕ್ಟರು ದೀಪ ಹಿಡಿದು ನೋಡಿ, ಎರಡೂ ಕಣ್ಣಿನ ಪೊರೆ ಚಹಾದ ಬಣ್ಣಕ್ಕೆ ತಿರುಗಿದೆ ಎಂದರು. ಮಂಜು ಮಂಜಾಗಿದ್ದರೆ ಅಕ್ಕ ಯಾವಾಗಲೋ ಬರುತ್ತಿದ್ದರು. ಇದು ಹಾಗಲ್ಲ. ಮಂಜಾಗುವ ಮೊದಲೇ ಹಳದಿಯಾಗುವ ಬಗೆ. ಹತ್ತಿರದ ನೋಟವನ್ನು ಕೆಲಕಾಲ ಮೊದಲಿಗಿಂತ ಚೆನ್ನಾಗಿಯೇ ಮಾಡುತ್ತದೆಯಂತೆ. ಎರಡು ವರ್ಷದಿಂದ ಅಕ್ಕ ಕನ್ನಡಕವಿಲ್ಲದೆ ಸೂಜಿಗೆ ದಾರ ಪೋಣಿಸುತ್ತಿದ್ದರು. “ಅರವತ್ತಕ್ಕೆ ಕಣ್ಣು ಮರಳಿ ಬಂತು ಅಂತ ಬೀದಿಯಲ್ಲೆಲ್ಲ ಹೇಳ್ಕೊಂಡು ಬಂದಿದ್ದೆ. ಬಂದಿದ್ದು ಕಣ್ಣಲ್ಲ, ಕೇಡು.”

ಹಾಗೆ ನೋಡಿದರೆ ಮನೆಯಲ್ಲಿ ಸೂಚನೆ ಸಿಕ್ಕಿತ್ತು. ಗಂಡನ ಬಿಳಿ ಅಂಗಿಗಳು ಎಷ್ಟು ಒಗೆದರೂ ಹಳದಿಯಾಗಿವೆ ಎಂದು ಅಕ್ಕ ತೊಳೆಯುವ ನೀರಿಗೆ ನೀಲಿ ಹನಿ ಹೆಚ್ಚಿಸುತ್ತಾ ಹೋಗಿದ್ದರು. ಎರಡು ಹನಿ ನಾಲ್ಕಾಗಿ, ನಾಲ್ಕು ಹತ್ತಾಗಿತ್ತು. “ಕಡವಿನಲ್ಲಿ ನನ್ನ ಹಳೆ ಜೊತೆಯವರು, ಯಾವಾಗ ಏರ್‌ಫೋರ್ಸ್ ಸೇರಿದೆ ಅಂತ ಕೇಳೋರು,” ಎನ್ನುತ್ತಾರೆ ಗಂಡ. “ಹೇಳಿದ್ರೆ ಇವಳಿಗೆ ಬೇಜಾರಾಗುತ್ತೆ ಅಂತ ಸುಮ್ಮನಿದ್ದೆ. ಬಾಯಿ ಬಿಟ್ಟಿದ್ರೆ ಒಳ್ಳೇದಿತ್ತು. ಬೇರೆ ಎಲ್ಲದಕ್ಕೂ ಬಾಯಿ ಬಿಡ್ತೀನಿ.”

ಬಲಗಣ್ಣಿನ ಶಸ್ತ್ರಚಿಕಿತ್ಸೆಯಾಗಿ ಪಟ್ಟಿ ಬಿಚ್ಚಿದ ದಿನ ಅಕ್ಕ ಮೊದಲು ನೋಡಿದ್ದು ಎದುರು ನಿಂತಿದ್ದ ಗಂಡನನ್ನು.

“ಇದ್ಯಾವಾಗ ತಗೊಂಡ್ರಿ ನೀಲಿ ಅಂಗಿ?”

“ಇದು ಬಿಳಿ ಕಣೇ. ನೀನು ಒಗೆದಿದ್ದು.”

ಗಂಡ ಇದನ್ನು ನಗಿಸಲೆಂದೇ ಹೇಳುತ್ತಾರೆ, ನಾನೂ ನಕ್ಕೆ. ಆದರೆ ಅಕ್ಕ ಆ ದಿನ ಆಸ್ಪತ್ರೆಯ ಬೆಂಚಿನ ಮೇಲೆ ಕೂತು ಒಂದು ಕಣ್ಣು ಮುಚ್ಚಿ ಇನ್ನೊಂದು ತೆರೆದು, ಮತ್ತೆ ಅದನ್ನು ಮುಚ್ಚಿ ಇದನ್ನು ತೆರೆದು, ಅರ್ಧ ಗಂಟೆ ಗೋಡೆ ನೋಡಿದರಂತೆ. ಒಂದರಲ್ಲಿ ಗೋಡೆ ಬಿಳಿ, ಇನ್ನೊಂದರಲ್ಲಿ ಒಣಗಿದ ಎಲೆ. ಆಗ ಅವರ ತಲೆಯಲ್ಲಿದ್ದದ್ದು ಒಂದೇ. ಗೋಪುರದ್ದು ಒಂದೇ ದುರ್ಬೀನಲ್ಲ. ಆ ಕಣ್ಣಿನಿಂದ ಸರಿ ಎಂದು ಕೊಟ್ಟವು ಇನ್ನೆಷ್ಟು? ಯಾರ ಕೊರಳಲ್ಲಿವೆ? ಯಾರು ಅದನ್ನು ನಂಬಿ ಸಮುದ್ರ ನೋಡುತ್ತಿದ್ದಾರೆ?

ಮರುದಿನವೇ ಬಂದರು ಕಚೇರಿಗೆ ಹೋದರು. ದೋಣಿ ಕಾಣದಿದ್ದಕ್ಕೆ ಕಾವಲಿನವನು ಕಾರಣನಲ್ಲ, ತಾನು ಹಾಕಿದ ಗಾಜು ಕಾರಣ ಎಂದು ಬರೆದುಕೊಟ್ಟರು. ಅಧಿಕಾರಿ ಕಾಗದ ಮೇಜಿನ ಮೇಲಿಟ್ಟು ಅವರನ್ನೇ ನೋಡಿದರಂತೆ. “ಇದನ್ನ ಫೈಲಿಗೆ ಹಾಕಿದ್ರೆ ಇಲ್ಲಿಂದ ನಿಮಗೆ ಇನ್ನು ಕೆಲಸ ಬರಲ್ಲ, ಗೊತ್ತಲ್ಲ?”

“ಹಾಕದೇ ಇದ್ರೆ ಅವನ ಕೆಲಸ ಹೋಗುತ್ತೆ, ಸಾರ್.”

ಕಾವಲಿನವನು ಗೋಪುರಕ್ಕೆ ಮರಳಿದ. ಅಕ್ಕನಿಗೆ ಆರು ತಿಂಗಳು ಬಂದರಿನಿಂದ ಒಂದು ದುರ್ಬೀನೂ ಬರಲಿಲ್ಲ. ಬೀದಿಯವರು ಬಾಯಿಗೆ ಬಂದಂತೆ ಆಡಿಕೊಂಡರು. ದುರ್ಬೀನಕ್ಕನಿಗೆ ಕಣ್ಣೇ ಕಾಣಲ್ಲವಂತೆ ಎಂಬ ಮಾತು ದಕ್ಕೆಯ ಈ ತುದಿಯಿಂದ ಆ ತುದಿಗೆ ಒಂದೇ ಬೆಳಿಗ್ಗೆಯಲ್ಲಿ ತಲುಪಿತು. ಆಸ್ಪತ್ರೆಯಿಂದ ಬಂದು ಮನೆಯಲ್ಲಿ ಮಲಗಿದ್ದ ಸೋದರಮಾವನನ್ನು ನೋಡಲು ಅಕ್ಕ ಹೋದಾಗ ಮಾತ್ರ ಆತ ಬೈಯಲಿಲ್ಲ. “ಸಮುದ್ರವೇ ನನ್ನ ಬಿಟ್ಟುಬಿಟ್ಟಿದೆ. ನೀನ್ಯಾಕಮ್ಮ ಇನ್ನೂ ಹಿಡ್ಕೊಂಡಿದೀಯಾ?” ಎಂದರು. ಬೈದಿದ್ದರೆ ಹಗುರಾಗುತ್ತಿತ್ತು ಎನ್ನುತ್ತಾರೆ ಅಕ್ಕ.

ಪುಸ್ತಕ ತೆಗೆದು ಎಣಿಸಿದರು. ಆ ಎರಡು ವರ್ಷದಲ್ಲಿ ಗಾಜು ಬದಲಿಸಿದ್ದು ಮೂವತ್ತೊಂದು ಜೋಡಿಗೆ. ಗೋಪುರದ್ದು ಕೈಯಲ್ಲೇ ಇತ್ತು. ಉಳಿದ ಮೂವತ್ತನ್ನು ಹುಡುಕಲು ಶುರುಮಾಡಿದರು. ಫೋನ್ ನಂಬರ್ ಇದ್ದವರಿಗೆ ಫೋನ್, ಇಲ್ಲದವರಿಗೆ ನಡಿಗೆ. ಕೆಲವು ಕೈ ಬದಲಾಗಿದ್ದವು, ಒಂದು ಮೂರು ಸಲ. ಸಿಕ್ಕಿದ್ದನ್ನೆಲ್ಲ ಎಡಗಣ್ಣಿಗೆ ಬಟ್ಟೆ ಕಟ್ಟಿ ಬಲಗಣ್ಣಿನಿಂದ ನೋಡಿದರು. ತಮ್ಮ ಒಂದೇ ಕಣ್ಣನ್ನು ನಂಬದೆ, ಹೊಲಿಗೆಯಾಕೆಯನ್ನು ಕರೆದು ಆಕೆಯ ಕಣ್ಣಿಂದಲೂ ನೋಡಿಸಿದರು. ಏಳು ಜೋಡಿ ಹಳದಿ. ಎಲ್ಲದಕ್ಕೂ ಗಾಜು ಬದಲಿಸಿ ಮರಳಿ ಕೊಟ್ಟರು. ಏಳು ತಿಂಗಳಲ್ಲಿ ಇಪ್ಪತ್ತೊಂಬತ್ತು ಸಿಕ್ಕವು. ಸಿಗದೆ ಉಳಿದದ್ದು ಐನೂರ ಹದಿನೆಂಟು.

ನಾನು ಮೂರನೆಯ ಸಲ ಹೋದ ದಿನ ಅದರ ಸುಳಿವು ಸಿಕ್ಕಿತು. ಅದನ್ನು ಕೊಂಡಿದ್ದ ದೋಣಿಯಾತ ಊರು ಬಿಡುವಾಗ ಅಳಿವೆಯ ಮೇಲಿನ ಓಣಿಯ ಚಿತ್ರಕಲೆ ಮೇಷ್ಟ್ರಿಗೆ ಕೊಟ್ಟುಹೋಗಿದ್ದನಂತೆ. ಅಕ್ಕ ಚಪ್ಪಲಿ ಹಾಕಿಕೊಳ್ಳುವುದನ್ನೂ ಮರೆತು ಇಳಿದರು. ಗಂಡ ಹಿಂದಿನಿಂದ ಓಡಿಬಂದು ಕೊಟ್ಟರು.

ಮೇಷ್ಟ್ರು ನಿವೃತ್ತರು, ಮಂಡಿನೋವು, ಕಿಟಕಿಯ ಪಕ್ಕದ ಕುರ್ಚಿಯೇ ಅವರ ಲೋಕ. ಅಳಿವೆಯ ಹಕ್ಕಿಗಳನ್ನು ನೋಡುತ್ತಾ ದಿನ ಕಳೆಯುತ್ತಾರೆ. ಅಕ್ಕ ಕೀಲಿನ ಮೇಲೆ ಬೆರಳಾಡಿಸಿದರು. ಅಂಕಿ ಅದೇ. ರಟ್ಟಿನ ಮೇಲೆ ಹಿಡಿದು ನೋಡಿದರು. ಏಳರಲ್ಲಿ ಯಾವುದಕ್ಕಿಂತಲೂ ಹೆಚ್ಚು ಹಳದಿ.

“ಸಾರ್, ಇದು ಕೆಟ್ಟಿದೆ. ನಾನೇ ಕೆಡಿಸಿದ್ದು. ಎರಡು ದಿನದಲ್ಲಿ ಸರಿಮಾಡಿ ತಂದುಕೊಡ್ತೀನಿ.”

ಮೇಷ್ಟ್ರು ಕೈ ಚಾಚಿ ಅದನ್ನು ಮರಳಿ ಇಸಿದುಕೊಂಡರು. “ಹಳದಿ ಅಂತ ಮೊದಲ ದಿನವೇ ಗೊತ್ತಾಯ್ತಮ್ಮ. ಬಣ್ಣ ಕಲಿಸಿ ಬದುಕಿದವನು ನಾನು. ಮೋಡ ಕವಿದ ದಿನಾನೂ ಇದು ನನಗೆ ಇಳಿಬಿಸಿಲು ತೋರಿಸುತ್ತೆ. ಹಕ್ಕಿ ಬಣ್ಣ ತಪ್ಪಾಗಿ ಕಂಡ್ರೆ ಯಾರ ಜೀವ ಹೋಗುತ್ತೆ? ಇದನ್ನ ಮುಟ್ಟಬೇಡ.”

ಅಕ್ಕ ರಟ್ಟನ್ನು ಮಡಚಿ ಕಂಕುಳಿಗೆ ಸೇರಿಸಿದರು. ಏಳು ತಿಂಗಳು ಅದು ಯಾವುದೋ ದೋಣಿಯಲ್ಲಿ ಯಾರನ್ನೋ ಮುಳುಗಿಸುತ್ತಿದೆ ಎಂದು ನಿದ್ದೆಗೆಟ್ಟಿದ್ದರು. ಅದು ಇಲ್ಲಿ ಒಬ್ಬರ ಮೋಡ ಕವಿದ ದಿನಗಳಿಗೆ ಬಿಸಿಲು ಕೊಡುತ್ತಾ ಕೂತಿತ್ತು. ಕೊನೆಗೆ ಒಂದು ಮಾತು ತೆಗೆದುಕೊಂಡರು. ಸಮುದ್ರಕ್ಕೆ ಹೋಗುವ ಯಾರಿಗೂ ಅದನ್ನು ಕೊಡಬಾರದು. ಮೇಷ್ಟ್ರು ಒಪ್ಪಿದರು. ಆದರೂ ಅಕ್ಕ ದುರ್ಬೀನಿನ ಕೊರಳಪಟ್ಟಿಗೆ ಹಳದಿ ದಾರ ಕಟ್ಟಿ, ‘ಇದರಲ್ಲಿ ನೀಲಿ ಕಾಣದು’ ಎಂದು ಚೀಟಿ ಬರೆದು ಹೊಲಿದೇ ಎದ್ದರು.

ಓಣಿ ಇಳಿಯುವಾಗ, ಇನ್ನಾದರೂ ನೆಮ್ಮದಿಯೇ ಎಂದು ಕೇಳಿದೆ. ಮೂವತ್ತೊಂದೂ ಸಿಕ್ಕವಲ್ಲ.

“ಎರಡು ವರ್ಷ ಅಂತ ನಾನು ಅಂದ್ಕೊಂಡಿದ್ದು,” ಎಂದರು ಅಕ್ಕ. “ಕಣ್ಣು ಯಾವತ್ತು ಹಳದಿಯಾಗೋಕೆ ಶುರುವಾಯ್ತು ಅಂತ ಡಾಕ್ಟರಿಗೂ ಗೊತ್ತಿಲ್ವಂತೆ. ಅದರ ಹಿಂದಿನ ವರ್ಷದ್ದು ಹತ್ತೊಂಬತ್ತು ಇದೆ. ನಾಳೆ ಬೆಳಿಗ್ಗೆ ದಕ್ಕೆಗೆ ಹೋಗ್ತೀನಿ.”

ಎಡಗಣ್ಣಿನ ಸರದಿ ಮುಂದಿನ ವಾರ. ಅಕ್ಕ ಅದನ್ನು ಎರಡು ಸಲ ಮುಂದೂಡಿದ್ದಾರೆ. ತಾನು ಹೇಗೆ ನೋಡುತ್ತಿದ್ದೆ ಎಂಬುದಕ್ಕೆ ಉಳಿದಿರುವ ಒಂದೇ ಸಾಕ್ಷಿ ಅದು, ಅದೂ ಹೋದರೆ ಮರೆತುಬಿಡುತ್ತೇನೇನೋ ಎಂಬ ಭಯ. ಇನ್ನು ತಡ ಮಾಡಿದರೆ ಪೊರೆ ಗಟ್ಟಿಯಾಗುತ್ತದೆ ಎಂದು ಡಾಕ್ಟರು ಗದರಿದ ಮೇಲೆ ಒಪ್ಪಿದ್ದಾರೆ. ಬಂದರಿನ ಕಚೇರಿ ಈಗ ಮತ್ತೆ ಕೆಲಸ ಕೊಡುತ್ತಿದೆ, ಪುಸ್ತಕದಲ್ಲಿ ಹೊಲಿಗೆಯಾಕೆಯ ರುಜುವೂ ಇರಬೇಕೆಂಬ ಷರತ್ತಿನ ಮೇಲೆ. ಷರತ್ತು ಹಾಕಿಸಿಕೊಂಡದ್ದು ಅಕ್ಕನೇ.

ನಾವು ಕೋಣೆಗೆ ಮರಳಿದಾಗ ಗೋಪುರದವನು ಮೆಟ್ಟಿಲ ಮೇಲೆ ಕಾಯುತ್ತಿದ್ದ. ದುರ್ಬೀನು ಕೊರಳಲ್ಲೇ ಇತ್ತು. ಹೇಳಲೋ ಬೇಡವೋ ಎಂಬಂತೆ ನಿಂತಿದ್ದ.

“ಏನಿಲ್ಲ ಅಕ್ಕ. ಬಲಗಡೆ ಅಂಚಿನಲ್ಲಿ ಏನೋ ಒಂಥರಾ. ನನ್ನ ಭ್ರಮೆ ಇರಬಹುದು.”

ಅಕ್ಕ ಕೋಣೆಯಲ್ಲಿದ್ದ ಒಂದೇ ಕುರ್ಚಿಯನ್ನು ಅವನ ಕಡೆಗೆ ಎಳೆದರು. ತಾವು ನಿಂತೇ ಪುಸ್ತಕ ತೆರೆದು, ಪೆನ್ನಿನ ಮುಚ್ಚಳ ತೆಗೆದರು.

“ಭ್ರಮೆ ಅಂತಾನೇ ಬರ್ಕೋತೀನಿ, ಕೂತ್ಕೋ. ಯಾವ ಹೊತ್ತಲ್ಲಿ, ಎಲ್ಲಿ ನೋಡ್ತಿದ್ದೆ, ಏನು ಕಾಣಿಸ್ತು? ಮೊದಲಿಂದ ಹೇಳು.”